ನಮ್ಮ ಲೋಕಸಭಾ ಸದಸ್ಯರಿಗೊಂದು ಬಹಿರಂಗ ಪತ್ರ: ಕಲ್ಲಿನೊಳಗಿನ ಎಣ್ಣೆ ಬೇಡ, ಡೀಸೆಲ್ ಮೇಲಿನ ಸುಂಕ ಮರಳಿಸಿ

ಮೈಸೂರು-ಕೊಡಗು ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ, ವಿರಾಜಪೇಟೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರನ ನಮಸ್ಕಾರಗಳು.

ಮೂರು ವರ್ಷಗಳಿಂದ ಒಂದೇ ಮನವಿಯನ್ನು ಕಚೇರಿಯಿಂದ ಕಚೇರಿಗೆ ಕೊಟ್ಟು, ಸ್ವೀಕೃತಿಯ ಮೊಹರು ಬಿದ್ದ ಪ್ರತಿಗಳಷ್ಟೇ ಕೈಯಲ್ಲಿ ಉಳಿದಿರುವುದರಿಂದ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕಾಫಿ ಮೊಗ್ಗು ಅರಳಿಸುವ ಹೂ ಮಳೆ ಕೈಕೊಟ್ಟಾಗ ತೋಟಕ್ಕೆ ನೀರು ಹಾಯಿಸಲು ನಾವು ಬಳಸುವ ಡೀಸೆಲ್ ಮೇಲೆ ಕೇಂದ್ರ ವಸೂಲು ಮಾಡುವ ಅಬಕಾರಿ ಸುಂಕವನ್ನು ಬೆಳೆಗಾರನಿಗೆ ಮರಳಿಸಬೇಕು ಎಂಬುದೇ ಆ ಮನವಿ.

ಕಳೆದ ಮಾರ್ಚ್‌ನಲ್ಲಿ ನಮ್ಮ ಕಡೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬದಲಿ ಬಂದದ್ದು 17 ದಿನಗಳ ನಂತರ. ರೋಬಸ್ಟಾ ಗಿಡದ ಮೊಗ್ಗಿಗೆ ಅಷ್ಟು ದಿನ ಕಾಯಲಾಗುವುದಿಲ್ಲ, ಅರೆಬರೆ ನೀರು ಕಂಡರೆ ಅದು ಅರಳದೆ ಕೆಂಪಾಗಿ ಒಣಗುತ್ತದೆ ಎಂಬುದು ಕೊಡಗಿನ ಪ್ರತಿನಿಧಿಯಾದ ತಮಗೆ ತಿಳಿಯದ ಸಂಗತಿಯಲ್ಲ. ಕೆರೆಯ ಬಳಿ ಹಳೆಯ ಡೀಸೆಲ್ ಎಂಜಿನ್ ಇಟ್ಟು 11 ದಿನ, ದಿನಕ್ಕೆ ಹತ್ತು ಗಂಟೆಯಂತೆ ಸ್ಪ್ರಿಂಕ್ಲರ್ ಓಡಿಸಿದೆ. ಗಂಟೆಗೆ ಆರು ಲೀಟರಿನಂತೆ 660 ಲೀಟರ್ ಡೀಸೆಲ್ ಉರಿದುಹೋಯಿತು. ಮಗಳ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಕರಿಮೆಣಸಿನ ಹಣ ಪೂರ್ತಿ ಬಂಕಿಗೆ ಹೋಯಿತು. ಪೈಪಿನ ಲೈನ್ ಬದಲಿಸಲು ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು, ಆನೆ ಬಂದೀತೆಂಬ ಭಯದಲ್ಲಿ ತೋಟಕ್ಕೆ ಇಳಿದವನು ನಾನು.

ಆ ನಂತರ ಬೆಳೆಗಾರರ ಸಭೆಯೊಂದರಲ್ಲಿ ಇದೇ ಪ್ರಶ್ನೆ ಎತ್ತಿದಾಗ ವೇದಿಕೆಯ ಮೇಲಿದ್ದ ಅಧಿಕಾರಿಯೊಬ್ಬರು ಕೊಟ್ಟ ಉತ್ತರವೇ ಈ ಪತ್ರಕ್ಕೆ ಕಾರಣ. ಅಸ್ಸಾಂ ಕಡೆಯ ಬೆಟ್ಟಗಳಲ್ಲಿ ಎಣ್ಣೆ ಕೊಡುವ ಆಯಿಲ್ ಶೇಲ್ ಎಂಬ ಕಲ್ಲು ಹೇರಳವಾಗಿದೆ, ಅಮೆರಿಕ ಶೇಲ್‌ನಿಂದಲೇ ತೈಲದಲ್ಲಿ ದೊಡ್ಡ ದೇಶವಾಯಿತು, ನಮ್ಮಲ್ಲೂ ಅದು ಹೊರಬಂದರೆ ಡೀಸೆಲ್ ತಾನಾಗಿಯೇ ಅಗ್ಗವಾಗುತ್ತದೆ, ಸ್ವಲ್ಪ ತಾಳ್ಮೆ ಇರಲಿ ಎಂದರು. ನನ್ನ ತಾಳ್ಮೆ ಮುಗಿದದ್ದು ಅಲ್ಲಿಯೇ.

ಮಾನ್ಯರೇ, ಅಮೆರಿಕವನ್ನು ಎತ್ತರಕ್ಕೇರಿಸಿದ್ದು ಬಿಗಿಯಾದ ಬಂಡೆಯೊಳಗೆ ಮೊದಲೇ ದ್ರವವಾಗಿದ್ದ ತೈಲ. ಬಂಡೆಯನ್ನು ನೀರಿನ ಒತ್ತಡದಿಂದ ಸೀಳಿ ಅದನ್ನು ಹೊರತೆಗೆದರು. ಆಯಿಲ್ ಶೇಲ್ ಎಂಬ ಜೇಡಿಕಲ್ಲಿನಲ್ಲಿ ಎಣ್ಣೆಯೇ ಇಲ್ಲ. ಅದರಲ್ಲಿರುವುದು ಕೆರೋಜೆನ್ ಎಂಬ ಘನ ಪದಾರ್ಥ. ಕಲ್ಲನ್ನು ಅಗೆದು, ಪುಡಿ ಮಾಡಿ, ಗಾಳಿಯಾಡದ ಕುಲುಮೆಯಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮಾತ್ರ ಅದು ಎಣ್ಣೆಯಾಗುತ್ತದೆ. ಅಮೆರಿಕದ ಕೊಲರಾಡೊದ ಒಳ್ಳೆಯ ದರ್ಜೆಯ ಕಲ್ಲು ಒಂದು ಟನ್‌ಗೆ ಕೊಡುವುದು ನೂರು ಲೀಟರಿನ ಆಸುಪಾಸು. ಉಳಿಯುವ ಸುಟ್ಟ ಕಲ್ಲು ಪುಡಿಯಾಗಿ ಉಬ್ಬಿ, ಅಗೆದ ಗುಂಡಿಯಲ್ಲೇ ಮತ್ತೆ ಹಿಡಿಸದಷ್ಟಾಗುತ್ತದೆ.

ಕೊಲರಾಡೊ, ಯೂಟಾ, ವಯೋಮಿಂಗ್ ರಾಜ್ಯಗಳಲ್ಲಿ ಹರಡಿರುವ ಗ್ರೀನ್ ರಿವರ್ ಶಿಲಾಸ್ತರ ಜಗತ್ತಿನಲ್ಲೇ ಅತಿ ದೊಡ್ಡ ಆಯಿಲ್ ಶೇಲ್ ನಿಕ್ಷೇಪ. ಅಲ್ಲಿ ಎಕ್ಸಾನ್ ಕಂಪನಿ ಶತಕೋಟಿಗಟ್ಟಲೆ ಡಾಲರಿನ ‘ಕಾಲೊನಿ’ ಎಂಬ ಹೆಸರಿನ ಆಯಿಲ್ ಶೇಲ್ ಯೋಜನೆಯನ್ನು 1982ರ ಮೇ 2ರಂದು ಒಂದೇ ದಿನದಲ್ಲಿ ನಿಲ್ಲಿಸಿ, ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸ ಕಳೆಯಿತು. ಸರ್ಕಾರದ ಬೆಲೆ ಖಾತರಿ ಇದ್ದರೂ ಯುನೊಕಾಲ್ ಕಂಪನಿಯ ಸ್ಥಾವರ 1991ರಲ್ಲಿ ಮುಚ್ಚಿತು. ಕಲ್ಲನ್ನು ಅಗೆಯದೆ ನೆಲದೊಳಗೇ ಕಾಯಿಸಲು ವರ್ಷಗಟ್ಟಲೆ ಪ್ರಯೋಗ ಮಾಡಿದ ಶೆಲ್ ಕಂಪನಿ 2013ರಲ್ಲಿ ಅಲ್ಲಿಂದ ಎದ್ದುಹೋಯಿತು. ತೈಲ ದುಬಾರಿಯಾದರೆ ಈ ಕಲ್ಲು ಲಾಭ ಕೊಡುತ್ತದೆಂದು ಪ್ರತಿ ಸಲವೂ ಲೆಕ್ಕ ಹಾಕಲಾಗುತ್ತದೆ. ಆದರೆ ಅಗೆಯಲು, ಸಾಗಿಸಲು, ಕಾಯಿಸಲು ಇಂಧನವೇ ಬೇಕಾದ್ದರಿಂದ ಅದರ ಖರ್ಚೂ ಜೊತೆಗೇ ಏರುತ್ತದೆ. ಡೀಸೆಲ್ ಏರಿದ ವರ್ಷ ಗೊಬ್ಬರ ಸಾಗಿಸುವ ಬಾಡಿಗೆಯೂ ಕೂಲಿಯವರನ್ನು ಕರೆತರುವ ಜೀಪಿನ ಬಾಡಿಗೆಯೂ ಏರುವುದನ್ನು ಕಂಡಿರುವ ನಮಗೆ ಇದು ಅರ್ಥವಾಗದ ವಿಷಯವಲ್ಲ. ಶತಮಾನದಿಂದ ಈ ಕಲ್ಲನ್ನು ಅಗೆಯುತ್ತಿರುವ ಎಸ್ಟೋನಿಯಾ ದೇಶ ಅದನ್ನು ಹೆಚ್ಚಾಗಿ ಸುಟ್ಟು ವಿದ್ಯುತ್ ಮಾಡಿತು. ಇಂಗಾಲ ಹೊರಸೂಸುವುದಕ್ಕೆ ಕಟ್ಟಬೇಕಾದ ದರ ಏರಿದಾಗ, 2019ರಲ್ಲಿ, ಆ ಉತ್ಪಾದನೆಯೂ ತೀವ್ರವಾಗಿ ಕುಸಿಯಿತು.

ಈ ಕಲ್ಲಿನಿಂದ ತೆಗೆಯುವ ಒಂದು ಪೀಪಾಯಿ ಎಣ್ಣೆಗೆ ಒಂದರಿಂದ ಮೂರು ಪೀಪಾಯಿ ನೀರು ಬೇಕೆಂಬ ಅಂದಾಜುಗಳಿವೆ. ಅಸ್ಸಾಂ-ಅರುಣಾಚಲದ ಬೆಟ್ಟಗಳೂ ನಮ್ಮವುಗಳಂತೆಯೇ ಮಳೆಗೆ ಕುಸಿಯುವ ಬೆಟ್ಟಗಳು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಮಣ್ಣು ಜಾರಿ ಮನೆ, ಗದ್ದೆ, ತೋಟ ಕೊಚ್ಚಿಹೋದದ್ದನ್ನು ಕಂಡ ನಾನು, ನನ್ನ ಎಂಜಿನ್ನಿಗಾಗಿ ಇನ್ನೊಬ್ಬರ ಬೆಟ್ಟವನ್ನು ಅಗೆದು ಸುಟ್ಟ ಕಲ್ಲಿನ ರಾಶಿ ಹಾಕಿ ಎಂದು ಕೇಳಲಾರೆ. ನಾನು ಕೇಳಿದ್ದೂ ಅದಲ್ಲ. ಕೇಳಿದ್ದು ಸುಂಕ ಮರಳಿಸಿ ಎಂದು.

ಕಚ್ಚಾತೈಲದ ಆಮದು ಅವಲಂಬನೆಯನ್ನು 2022ರೊಳಗೆ ಶೇ 10ರಷ್ಟು ಇಳಿಸುವ ಗುರಿಯನ್ನು 2015ರಲ್ಲಿ ಹಾಕಲಾಯಿತು. ಆಗ ಶೇ 77 ಇದ್ದದ್ದು ಈಗ ಶೇ 85 ದಾಟಿದೆ. ಇನ್ನೊಂದು ಗುರಿಯ ಹೆಸರಿನಲ್ಲಿ ಮತ್ತೆ ಹತ್ತು ವರ್ಷ ಕಾಯಿರಿ ಎನ್ನುವುದು ಯಾವ ನ್ಯಾಯ? 2021ರ ಬಜೆಟ್‌ನಲ್ಲಿ ಲೀಟರ್ ಡೀಸೆಲ್‌ಗೆ 4 ರೂಪಾಯಿಯ ಕೃಷಿ ಮೂಲಸೌಕರ್ಯ ಸೆಸ್ ಹಾಕಿದ್ದು ತಮಗೆ ಗೊತ್ತೇ ಇದೆ. ಕೃಷಿಯ ಹೆಸರಿನ ಆ ಹಣವನ್ನು ಕೆರೆಯ ದಡದಲ್ಲಿ ನಿಂತ ಕೃಷಿಕನಿಂದಲೇ ವಸೂಲು ಮಾಡಲಾಗುತ್ತದೆ. ಒಂದು ಅಡಿ ರಸ್ತೆಯ ಮೇಲೂ ಓಡದ ಎಂಜಿನ್ ರಸ್ತೆಯ ಸೆಸ್ಸನ್ನೂ ಕಟ್ಟುತ್ತದೆ. ಕರಾವಳಿಯ ಯಾಂತ್ರಿಕ ದೋಣಿಗಳಿಗೆ ರಾಜ್ಯ ಸರ್ಕಾರ ಮಾರಾಟ ತೆರಿಗೆ ಬಿಟ್ಟು ಡೀಸೆಲ್ ಕೊಡುತ್ತಿದೆ. ದೋಣಿಗೆ ಆಗುವುದು ಪಂಪಿಗೇಕೆ ಆಗದು?

ಫೆಬ್ರವರಿ ಮತ್ತು ಮಾರ್ಚ್, ಈ ಎರಡೇ ತಿಂಗಳು, ಎಕರೆಗೆ ಇಷ್ಟು ಲೀಟರ್ ಎಂದು ಮಿತಿ ಹಾಕಿ, ಬಂಕಿನ ರಸೀದಿ ಪಡೆದು ಸುಂಕವನ್ನು ಬೆಳೆಗಾರನ ಖಾತೆಗೆ ಮರಳಿಸಿ. ಸುಂಕ ಮರಳಿಸುವಂತೆ ಲೋಕಸಭೆಯಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನು ನಮಗೆ ಲಿಖಿತವಾಗಿ ತಿಳಿಸಿ. 660 ಲೀಟರಿನ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಎಲ್ಲಿಗೆ, ಯಾವ ದಿನ ತರಬೇಕೆಂದು ತಿಳಿಸಿದರೆ ನಾನೇ ತಂದು ಕೊಡುತ್ತೇನೆ.

ಇತಿ,
ವಿರಾಜಪೇಟೆ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ