ಅವ್ವನ "ಸೊಂಟನೋವು": ಗೆಳೆಯನಿಗೊಂದು ಪತ್ರ

ಪುಣೆ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ನೀನು ಮತ್ತೆ ಮತ್ತೆ ಕೇಳಿದ್ದು ಒಂದೇ ಮಾತು: "ಇದು ಕ್ಯಾನ್ಸರ್ ಅಲ್ಲ ತಾನೇ?" ನಿನ್ನ ಅವ್ವನಿಗೆ ಆಗಿರುವಂತೆ ಗರ್ಭಕೋಶ ಕೆಳಗೆ ಜಾರುವುದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವ ಕಾಯಿಲೆಯೂ ಅಲ್ಲ. ಆ ಭಯವನ್ನು ಇಲ್ಲಿಗೇ ಬಿಟ್ಟುಬಿಡು. ಆದರೆ ಮುಂಬೈ ಹತ್ತಿರದ ನಿಮ್ಮ ಡೊಂಬಿವಲಿಯ ಡಾಕ್ಟರು ಚೀಟಿಯಲ್ಲಿ ಮೂರನೆಯ ಹಂತ, ಅಂದರೆ ಗರ್ಭಕೋಶ ಹೊರಗೇ ಬಂದಿದೆ ಎಂದು ಬರೆದುಕೊಟ್ಟ ಮೇಲೂ ಅವ್ವ "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ" ಎಂದರಲ್ಲ, ಅದನ್ನು ಮಾತ್ರ ಒಪ್ಪಬೇಡ. ವಯಸ್ಸಾದವರೆಲ್ಲರಿಗೂ ಇದು ಬರುವುದಿಲ್ಲ, ಬಂದವರು ಸಹಿಸಿಕೊಂಡೇ ಇರಬೇಕೆಂದೂ ಇಲ್ಲ. ಹೆಸರು ಬಿಟ್ಟು ಎಲ್ಲರಿಗೂ ಓದಲು ಕೊಡು ಎಂದು ನೀನೇ ಹೇಳಿದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಗರ್ಭಕೋಶ, ಮೂತ್ರಕೋಶ, ಗುದನಾಳ ಮೂರೂ ಇರುವುದು ಸೊಂಟದ ಎಲುಬುಗಳ ನಡುವೆ, ತಳದಲ್ಲಿ ಹಾಸಿದ ಸ್ನಾಯುಗಳ ಮೇಲೆ. ಅಕ್ಕಪಕ್ಕದಿಂದ, ಹಿಂದಿನಿಂದ ತಂತುಕಟ್ಟುಗಳು ಗರ್ಭಕೋಶವನ್ನು ಎಳೆದು ಹಿಡಿದಿರುತ್ತವೆ. ಹೆರಿಗೆಯಲ್ಲಿ ಈ ಸ್ನಾಯುಗಳು ಹಿಗ್ಗುತ್ತವೆ, ಕೆಲವೊಮ್ಮೆ ಹರಿಯುತ್ತವೆ. ಮತ್ತೆ ಬಿಗಿಯಾಗಲು ಕಾಲ ಸಿಗದೆ ಹೋದರೆ ಹಗ್ಗ ಸಡಿಲಾದ ಹೊರಸಿನಂತೆ ತಳ ಜೋಲತೊಡಗುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕಡಿಮೆಯಾಗಿ ಉಳಿದ ಬಿಗುವೂ ಕುಗ್ಗುತ್ತದೆ. ಅದರ ಮೇಲೆ ವರ್ಷಗಟ್ಟಲೆಯ ಕೆಮ್ಮು, ಮಲಬದ್ಧತೆ, ಬೊಜ್ಜು, ಭಾರ ಹೊರುವ ಕೆಲಸ ಸೇರಿದರೆ ಹೊಟ್ಟೆಯೊಳಗಿನ ಒತ್ತಡವೆಲ್ಲ ಕೆಳಗೇ ಬೀಳುತ್ತದೆ. ಜಮಖಂಡಿಯ ಹತ್ತಿರದ ನಿಮ್ಮ ಊರಿನಲ್ಲಿ ಐದು ಹೆರಿಗೆಯೂ ಮನೆಯಲ್ಲೇ ಆಗಿ, ಕೂಸು ತೊಟ್ಟಿಲಲ್ಲಿರುವಾಗಲೇ ಅವ್ವ ತುಂಬಿದ ಕೊಡ ಹೊತ್ತದ್ದನ್ನು ನೀನು ಕಾಲೇಜಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಆಗ ಆ ದೇಹಕ್ಕೆ ಬೇಕಾಗಿದ್ದ ವಿಶ್ರಾಂತಿಯನ್ನು ಯಾರೂ ಕೊಡಲಿಲ್ಲ.

ನಿಮಗೆಲ್ಲ ಹಟದಂತೆ ಕಂಡದ್ದು ಈ ಕಾಯಿಲೆಯ ಲಕ್ಷಣ. ಪಂಢರಪುರಕ್ಕೂ ಬರಲಾರೆ ಎಂದದ್ದು, ಲೋಕಲ್ ರೈಲು ಹತ್ತಲು ಒಪ್ಪದಿದ್ದದ್ದು, ಸಂಜೆಯಾದರೆ ಅಡುಗೆಮನೆಯ ಕಟ್ಟೆ ಹಿಡಿದು ನಿಲ್ಲುವುದು. ಬೆಳಿಗ್ಗೆ ಏಳುವಾಗ ಅಷ್ಟಾಗಿ ತೊಂದರೆ ಇರುವುದಿಲ್ಲ. ನಿಂತು ಓಡಾಡಿದಂತೆ ಕೆಳಹೊಟ್ಟೆ ಜಗ್ಗುತ್ತದೆ, ಏನೋ ಕಳಚಿ ಬೀಳುವ ಹಾಗೆ ಅನಿಸುತ್ತದೆ, ಮಲಗಿದರೆ ಹಗುರ. ಕೆಮ್ಮಿದರೆ ಮೂತ್ರ ಸೋರುತ್ತದೆ, ಕೂತಾಗ ಪೂರ್ತಿ ಹೋಗುವುದೇ ಇಲ್ಲ. ಹೊರಬಂದ ಭಾಗವನ್ನು ಬೆರಳಿನಿಂದ ಒಳಗೆ ತಳ್ಳಿಕೊಂಡು ಮೂತ್ರ ಮಾಡುವ ಹೆಂಗಸರಿದ್ದಾರೆ. ಅದು ಬಟ್ಟೆಗೆ ಉಜ್ಜಿ ಹುಣ್ಣಾಗಿ ರಕ್ತ ಜಿನುಗುವುದೂ ಉಂಟು. ತೀರಾ ಮುಂದುವರಿದರೆ ಮೂತ್ರನಾಳ ಮಡಚಿಕೊಂಡು ಮೂತ್ರಪಿಂಡ ಊದಿಕೊಳ್ಳುತ್ತದೆ, ಆದ್ದರಿಂದ ಸೋನೋಗ್ರಫಿ ಮಾಡಿಸುವಾಗ ಮೂತ್ರಪಿಂಡವನ್ನೂ ನೋಡಲು ಹೇಳು. ಗಂಡ ಹೆಂಡತಿಯ ಸಂಬಂಧಕ್ಕೂ ಇದು ಪೆಟ್ಟು ಕೊಡುತ್ತದೆ. ಕಾರಣ ಹೇಳಲಾಗದೆ ದೂರ ಮಲಗುವ ಹೆಂಗಸರನ್ನು ನಾನು ನನ್ನ ಫಿಸಿಯೋಥೆರಪಿ ಕೆಲಸದಲ್ಲಿ ಕಂಡಿದ್ದೇನೆ.

ಅವ್ವ ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಎಂದು ನೊಂದುಕೊಂಡೆಯಲ್ಲ. ಯಾರ ಹತ್ತಿರ ಹೇಳಬೇಕಿತ್ತು? ಅವರಿಗೆ ಮರಾಠಿ ಬರುವುದಿಲ್ಲ, ಡಾಕ್ಟರಿಗೆ ಕನ್ನಡ ಬರುವುದಿಲ್ಲ, ನಡುವೆ ನಿಂತು ಹೇಳಬೇಕಾದವನು ಮಗ. ಮಗನ ಬಾಯಿಂದ ಈ ಮಾತು ಹೇಳಿಸಬೇಕಾದ ಹೆಂಗಸು "ಸೊಂಟನೋವು" ಎಂದಷ್ಟೇ ಹೇಳುತ್ತಾಳೆ, ಮಾತ್ರೆ ತೆಗೆದುಕೊಂಡು ಮನೆಗೆ ಬರುತ್ತಾಳೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊರುವವರ ಕತೆಯೂ ಇದೇ. ನನ್ನ ಫಿಸಿಯೋಥೆರಪಿ ಕೋಣೆಗೆ ಸೊಂಟನೋವೆಂದು ಬಂದವರೊಬ್ಬರು ಕನ್ನಡ ಕಿವಿಗೆ ಬಿದ್ದದ್ದೇ ಬಾಗಿಲು ಮುಚ್ಚಿದೆಯೇ ಎಂದು ತಿರುಗಿ ನೋಡಿ, ಲಂಗೋಟಿಯಂತೆ ಬಿಗಿಯಾಗಿ ಕಟ್ಟಿಕೊಂಡಿದ್ದ ಹಳೆಯ ಸೀರೆಯ ತುಂಡನ್ನು ಬಿಚ್ಚಿ ತೋರಿಸಿದರು. ಅದನ್ನು ಕಟ್ಟಿಕೊಂಡೇ ಮಹಡಿ ಹತ್ತುತ್ತಿದ್ದರು.

ಇದೇ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ ಬಂಗ್ ಎರಡು ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬರೆದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು. ಅದಕ್ಕೂ ಮುಂಚೆ ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ನೇಪಾಳದಲ್ಲಂತೂ ಗರ್ಭಕೋಶ ಜಾರುವುದರ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೇ ಹೋಯಿತು. ಇದು ಹೆಂಗಸರ ಆರೋಗ್ಯದ ಹಕ್ಕಿನ ವಿಷಯ ಎಂದು 2008ರಲ್ಲಿ ತೀರ್ಪು ಬಂತು. ನಾವಿನ್ನೂ ಮನೆಯೊಳಗೆ ಪಿಸುಗುಟ್ಟುತ್ತಿದ್ದೇವೆ.

ಇನ್ನು ಚಿಕಿತ್ಸೆ. ಮೊದಲ ಎರಡು ಹಂತಗಳಲ್ಲಿ ಕೆಗೆಲ್ ವ್ಯಾಯಾಮದಿಂದ ನಿಜಕ್ಕೂ ಉಪಯೋಗವಿದೆ: ಮೂತ್ರವನ್ನೂ ಗಾಳಿಯನ್ನೂ ತಡೆಯುವಾಗ ಬಿಗಿಯುವ ಸ್ನಾಯುಗಳನ್ನು ಬಿಗಿದು, ಐದರಿಂದ ಹತ್ತು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಸಡಿಲಿಸುವುದು. ಉಸಿರು ಕಟ್ಟಬಾರದು, ಮೂತ್ರ ಮಾಡುತ್ತಿರುವಾಗ ಅಭ್ಯಾಸ ಮಾಡಬಾರದು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ನಿನ್ನ ಹೆಂಡತಿಗೂ ಇದನ್ನು ಹೇಳು, ಬಾಣಂತನ ಮುಗಿದು ಇನ್ನೂ ವರ್ಷವಾಗಿಲ್ಲ. ಆದರೆ ಅವ್ವನ ಗರ್ಭಕೋಶ ಹೊರಗೇ ಬಂದಿದೆ. ಬರೀ ವ್ಯಾಯಾಮದಿಂದ ಅದು ಮೇಲೆ ಹೋಗುತ್ತದೆ ಎಂದು ನಾನು ಸುಳ್ಳು ಭರವಸೆ ಕೊಡಲಾರೆ.

ಅವರಿಗೆ ಎರಡು ದಾರಿಗಳಿವೆ. ಒಂದು ಪೆಸರಿ, ಸಿಲಿಕೋನಿನ ಮೆತ್ತನೆಯ ಬಳೆ. ಡಾಕ್ಟರು ಅಳತೆ ನೋಡಿ ಅದನ್ನು ಮಡಚಿ ಯೋನಿಯೊಳಗೆ ಕೂರಿಸುತ್ತಾರೆ, ಒಳಗೆ ಅದು ಬಿಚ್ಚಿಕೊಂಡು ಗರ್ಭಕೋಶವನ್ನು ತಡೆದು ನಿಲ್ಲಿಸುತ್ತದೆ. ಕೆಮ್ಮಲು, ನಡೆಯಲು, ಮೂತ್ರ ಮಾಡಿ ಬರಲು ಹೇಳಿ ಪರೀಕ್ಷಿಸುತ್ತಾರೆ. ಜಾರಿದರೆ ಬೇರೆ ಅಳತೆ. ಸರಿಯಾಗಿ ಕೂತರೆ ಇದೆಯೆಂದೇ ಗೊತ್ತಾಗಬಾರದು. ಕೆಲವು ತಿಂಗಳಿಗೊಮ್ಮೆ ತೆಗೆದು, ತೊಳೆದು, ಒಳಗೆ ಹುಣ್ಣಾಗಿದೆಯೇ ನೋಡಬೇಕು. ಶಸ್ತ್ರಚಿಕಿತ್ಸೆಗೆ ಹೆದರುವವರಿಗೆ, ಹೃದಯದ ತೊಂದರೆ ಇರುವವರಿಗೆ ಇದು ದೊಡ್ಡ ಆಸರೆ. ಇನ್ನೊಂದು ದಾರಿ ಶಸ್ತ್ರಚಿಕಿತ್ಸೆ. ಸಾಮಾನ್ಯವಾಗಿ ಹೊಟ್ಟೆ ಕೊಯ್ಯದೆ ಕೆಳಗಿನಿಂದಲೇ ಗರ್ಭಕೋಶ ತೆಗೆದು, ಸಡಿಲಾದ ಗೋಡೆಗಳನ್ನು ಹೊಲಿದು ಬಿಗಿ ಮಾಡುತ್ತಾರೆ. ತೆಗೆಯಲೇಬೇಕೆಂಬ ನಿಯಮವಿಲ್ಲ. ಗೋವೆಯಲ್ಲಿ ಹುಟ್ಟಿ ಮುಂಬೈಯಲ್ಲಿ ಕೆಲಸ ಮಾಡಿದ ಡಾ. ವಿ. ಎನ್. ಶಿರೋಡ್ಕರ್, ಮುಂಬೈಯ ಡಾ. ಬಿ. ಎನ್. ಪುರಂದರೆ ಇಬ್ಬರೂ ಗರ್ಭಕೋಶವನ್ನು ಉಳಿಸಿಕೊಂಡೇ ಮೇಲಕ್ಕೆ ಕಟ್ಟಿ ನಿಲ್ಲಿಸುವ ವಿಧಾನಗಳನ್ನು ರೂಪಿಸಿದವರು. ಇನ್ನೂ ಮಕ್ಕಳು ಬೇಕೆನ್ನುವ ಚಿಕ್ಕ ವಯಸ್ಸಿನವರಿಗೆ ಅದೆಷ್ಟು ಮುಖ್ಯ ಎಂದು ಯೋಚಿಸು. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಗರ್ಭಕೋಶಗಳನ್ನು ಸುಮ್ಮಸುಮ್ಮನೆ ತೆಗೆದ ಸುದ್ದಿ 2019ರಲ್ಲಿ ಓದಿದಾಗ ನನ್ನ ಹೊಟ್ಟೆ ಉರಿದಿತ್ತು. ಆದ್ದರಿಂದ ಯಾಕೆ ತೆಗೆಯುತ್ತೀರಿ, ತೆಗೆಯದಿದ್ದರೆ ಏನು ಎಂದು ಕೇಳಲು ಹಿಂಜರಿಯಬೇಡ. ಉತ್ತರವನ್ನು ಅವ್ವನಿಗೂ ಕನ್ನಡದಲ್ಲಿ ಹೇಳು, ಒಪ್ಪಿಗೆ ಅವರದಾಗಿರಬೇಕು.

ಯಾವ ದಾರಿ ಹಿಡಿದರೂ ನಿಮ್ಮ ಮನೆ ಬದಲಾಗಬೇಕು. ಬಕೆಟ್, ಗ್ಯಾಸ್ ಸಿಲಿಂಡರ್, ಅಕ್ಕಿ ಚೀಲ ಇನ್ನು ನಿನ್ನ ಪಾಲು. ಶಸ್ತ್ರಚಿಕಿತ್ಸೆಯಾದರೆ ಕನಿಷ್ಠ ಆರು ವಾರ ಅವ್ವ ಭಾರವಾದದ್ದೇನನ್ನೂ ಎತ್ತಬಾರದು, ನಿನ್ನ ಮಗುವನ್ನೂ. ಅದೇ ಅವರಿಗೆ ಕಷ್ಟವಾಗುವುದು. ಮಗುವನ್ನು ಕೂತವರ ತೊಡೆಗೆ ನೀವೇ ತಂದು ಕೊಡಿ. ಕೆಮ್ಮಿಗೆ ಔಷಧ ಕೊಡಿಸು, ಮಲ ವಿಸರ್ಜನೆಗೆ ತಿಣುಕುವ ಹಾಗಾಗದಂತೆ ಊಟದಲ್ಲಿ ಸೊಪ್ಪು, ಕಾಳು, ಸಾಕಷ್ಟು ನೀರು ಇರಲಿ. ಇಷ್ಟಾದರೂ ಕೆಲವರಿಗೆ ಮತ್ತೆ ಜಾರುತ್ತದೆ, ಹಾಗಾಗಿ ವರ್ಷಗಳ ನಂತರವೂ ತೋರಿಸುತ್ತಿರಬೇಕು.

ಇಲ್ಲಿ ನನಗೆ ಗೊತ್ತಿರುವ ಸ್ತ್ರೀರೋಗ ತಜ್ಞೆಯೊಬ್ಬರ ಹತ್ತಿರ ಮಾತಾಡಿದ್ದೇನೆ. ಒಳಗೆ ಅವ್ವನ ಜೊತೆ ನಾನು ಕೂರುತ್ತೇನೆ, ಅವರ ಮಾತನ್ನು ನಾನೇ ಮರಾಠಿಯಲ್ಲಿ ಹೇಳುತ್ತೇನೆ, ನೀನು ಹೊರಗಿರು. ಬಸ್ಸು ಬೇಡ, ದಾರಿಯುದ್ದಕ್ಕೂ ಅವರಿಗೆ ಮೂತ್ರದ ಚಿಂತೆಯಾಗುತ್ತದೆ. ಕಲ್ಯಾಣದಲ್ಲಿ ರೈಲು ಹತ್ತಿ, ಶೌಚಾಲಯಕ್ಕೆ ಹತ್ತಿರದ ಸೀಟು ಹಿಡಿಯಿರಿ. ಹಳೆಯ ಚೀಟಿಗಳನ್ನೂ ಅವರು ತೆಗೆದುಕೊಳ್ಳುವ ಬಿಪಿ ಮಾತ್ರೆಗಳನ್ನೂ ಮರೆಯದೆ ತಾ. ಸ್ಟೇಷನ್ನಿಗೆ ನಾನು ಬರುತ್ತೇನೆ.

ನಿನ್ನ ಗೆಳತಿ