ಎಸ್‌ಎಸ್‌ಎಲ್‌ಸಿ ನಂತರದ ವಿಷಯ ಆಯ್ಕೆ: ಪೋಷಕರ ಗುಂಪಿನ ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಪಿಯು ಪ್ರವೇಶ ಅರ್ಜಿಯಲ್ಲಿ ವಿಷಯ ಸಂಯೋಜನೆಯನ್ನು ನಮೂದಿಸುವ ಮೊದಲು ಕೆಳಗಿನ ಸಂಗತಿಗಳನ್ನು ಮಕ್ಕಳೊಂದಿಗೆ ಕುಳಿತು ಓದಬೇಕೆಂದು ಕೋರುತ್ತೇವೆ.

ಕಂಪ್ಯೂಟರ್ ಎಂಜಿನಿಯರಿಂಗ್ ಸೇರಲು ಪಿಯುಸಿಯಲ್ಲಿ ಗಣಕ ವಿಜ್ಞಾನವನ್ನೇ ಓದಿರಬೇಕೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ, ಅದು ಸರಿಯಲ್ಲ. ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಓದಿದವರೂ ಆ ಕೋರ್ಸಿಗೆ ಸೇರಬಹುದು, ಆದರೆ ಜೀವಶಾಸ್ತ್ರವನ್ನು ಬಿಟ್ಟು ಅದರ ಬದಲು ಗಣಕ ವಿಜ್ಞಾನವಿರುವ ಪಿಸಿಎಂಸಿ ಆರಿಸಿಕೊಂಡವರಿಗೆ ಮುಂದೆ ಮನಸ್ಸು ಬದಲಾದರೆ ವೈದ್ಯಕೀಯ, ಪಶುವೈದ್ಯಕೀಯ ಮತ್ತು ಬಿಎಸ್‌ಸಿ ಕೃಷಿಯ ದಾರಿ ಕಠಿಣವಾಗುತ್ತದೆ. ಹಾಗೆಂದು ಜೀವಶಾಸ್ತ್ರದಲ್ಲಿ ಒಲವೇ ಇಲ್ಲದ ಮಗುವಿನ ಮೇಲೆ ಅದನ್ನು ಹೇರುವುದು ಜಾಣತನವೆಂದು ನಮಗನ್ನಿಸುವುದಿಲ್ಲ.

ಎಂಜಿನಿಯರಿಂಗ್‌ಗೆ ಸಿಇಟಿ ರ್‍ಯಾಂಕ್ ನಿರ್ಧರಿಸುವಾಗ ಪ್ರವೇಶ ಪರೀಕ್ಷೆಯ ಅಂಕಗಳ ಜೊತೆಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳಿಗೂ ಸಮಾನ ಮಹತ್ವವಿರುವುದರಿಂದ, ಕೋಚಿಂಗ್ ನೆಪದಲ್ಲಿ ಕಾಲೇಜಿನ ಪಾಠವನ್ನು ಕಡೆಗಣಿಸಬಾರದು. ವೈದ್ಯಕೀಯ ಸೀಟಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ನೀಟ್ ಅಂಕವೇ ಆಧಾರ.

ವಾಣಿಜ್ಯ ವಿಭಾಗ ಕಡಿಮೆ ಅಂಕದವರಿಗೆ ಮಾತ್ರ ಎಂಬ ಮಾತನ್ನು ದಯವಿಟ್ಟು ಮಕ್ಕಳ ಎದುರು ಆಡಬೇಡಿ. ವಿಜ್ಞಾನ ಓದಿದವರು ಮುಂದೆ ಬಿಕಾಂ ಸೇರಬಹುದಾದರೂ ವಾಣಿಜ್ಯದಿಂದ ಎಂಜಿನಿಯರಿಂಗ್‌ಗೆ ಹೊರಳುವಂತಿಲ್ಲ ಎಂಬುದು ಮಾತ್ರ ನೆನಪಿರಲಿ. ಬೇಗ ಕೆಲಸಕ್ಕೆ ಸೇರಬೇಕಾದ ಮಕ್ಕಳಿಗೆ ಪಿಯುಸಿಯ ಬದಲು ಪಾಲಿಟೆಕ್ನಿಕ್‌ನಲ್ಲಿ ಓದುವ 3 ವರ್ಷದ ಎಂಜಿನಿಯರಿಂಗ್ ಡಿಪ್ಲೊಮಾ ಒಳ್ಳೆಯ ಆಯ್ಕೆ. ಅದನ್ನು ಮುಗಿಸಿದವರು ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಬಿಇ 2ನೇ ವರ್ಷಕ್ಕೆ ಸೇರಬಹುದು.

ನೀವು ಆರಿಸಿದ ಸಂಯೋಜನೆಯ ಎಲ್ಲ ವಿಷಯಗಳಿಗೂ ಉಪನ್ಯಾಸಕರಿದ್ದಾರೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಕಾಲೇಜಿನಲ್ಲಿ ವಿಚಾರಿಸಿರಿ.

— ಗುಂಪಿನ ನಿರ್ವಾಹಕರು