ನಾನು ನನ್ನ ಮಗಳಿಗೆ ವಿಸಿಟರ್ ಅಲ್ಲ, ಅಪ್ಪ: ಕಾನೂನು ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕಾನೂನು ಸಚಿವರೇ, ನಮಸ್ಕಾರ.

ನಾನು ದಾವಣಗೆರೆಯವನು ಸಾರ್, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಕೊಂಡಿದೀನಿ. ಮಗಳಿಗೆ ನಾಲ್ಕು ವರ್ಷ ಇದ್ದಾಗ ನಾವು ಗಂಡ ಹೆಂಡ್ತಿ ಬೇರೆ ಆದ್ವಿ, ಈಗ ಅವಳಿಗೆ ಒಂಬತ್ತು. ಅವಳ ತಾಯಿ ಬಗ್ಗೆ ಇಲ್ಲಿ ಒಂದು ಮಾತೂ ಕೆಟ್ಟದಾಗಿ ಬರೆಯಲ್ಲ, ನಮ್ಮಿಬ್ಬರ ತಪ್ಪು ನಮಗಿರಲಿ. ನನ್ನ ಜಗಳ ಇರೋದು ಕಾನೂನಿನ ಜೊತೆ.

ಮಗಳನ್ನ ನೋಡೋಕೆ ಕೋರ್ಟ್ ನನಗೆ ಕೊಟ್ಟಿರೋದು ತಿಂಗಳಿಗೆ ಎರಡು ಶನಿವಾರ, 11ರಿಂದ 1 ಗಂಟೆವರೆಗೆ. ಲೆಕ್ಕ ಹಾಕಿ ಸಾರ್, ವರ್ಷಕ್ಕೆ 48 ಗಂಟೆ, ಅಂದ್ರೆ ಎರಡೇ ಎರಡು ದಿನ. ಮಗಳು ಬೇರೆ ಜಿಲ್ಲೆಯಲ್ಲಿರೋದು, ಬೆಳಿಗ್ಗೆ ಐದರ ಬಸ್ಸಿಗೆ ಹೊರಟು ಹೋಗ್ತೀನಿ, ಅವಳಿಗೆ ಇಷ್ಟ ಅಂತ ನರ್ಗಿಸ್ ಮಂಡಕ್ಕಿ ಕಟ್ಟಿಸ್ಕೊಂಡು ಹೋಗ್ತೀನಿ.

ಹೋದ ವರ್ಷ ಅವಳ ಹುಟ್ಟುಹಬ್ಬ ಸರಿಯಾಗಿ ನನ್ನ ಶನಿವಾರವೇ ಬಂತು. ಫ್ರಾಕ್ ತಗೊಳ್ಳೋಕೆ ಹೋದ್ರೆ ಅಂಗಡಿಯವರು ಸೈಜ್ ಕೇಳಿದ್ರು, ನನಗೆ ಗೊತ್ತಿರ್ಲಿಲ್ಲ, ಅಲ್ಲೇ ಇದ್ದ ಒಂದು ಮಗುನ ತೋರಿಸಿ ಹೆಚ್ಚುಕಮ್ಮಿ ಇಷ್ಟೆತ್ತರ ಇರಬಹುದು ಅಂದೆ. ಕೋರ್ಟಲ್ಲಿ ಮಕ್ಕಳನ್ನ ಭೇಟಿ ಮಾಡಿಸೋ ರೂಮಲ್ಲಿ ಕೇಕ್ ಡಬ್ಬಿ ತೊಡೆ ಮೇಲಿಟ್ಕೊಂಡು ಕೂತೆ. ಹನ್ನೊಂದಾಯ್ತು, ಹನ್ನೆರಡಾಯ್ತು, 12:40ಕ್ಕೆ ಮಗುಗೆ ಹುಷಾರಿಲ್ಲ ಅಂತ ವಕೀಲರಿಂದ ಮೆಸೇಜ್ ಬಂತು. ಒಂದು ಗಂಟೆಗೆ ಅಟೆಂಡರ್ ಬಂದು ಬಾಗಿಲು ಹಾಕ್ಬೇಕು ಸಾರ್ ಅಂದ್ರು. ಸಂಜೆ ವಾಪಸ್ ಬಸ್ಸಲ್ಲಿ ಕೂತಿದ್ದಾಗ ಸಂಬಂಧಿಕರೊಬ್ಬರ ವಾಟ್ಸಾಪ್ ಸ್ಟೇಟಸ್ಸಲ್ಲಿ ನೋಡ್ತೀನಿ, ನನ್ನ ಮಗಳು ಕಿರೀಟ ಇಟ್ಕೊಂಡು ಕೇಕ್ ಕಟ್ ಮಾಡ್ತಾ ನಗ್ತಿದಾಳೆ! ಜ್ವರ ಇರೋ ಮಗುನಾ ಸಾರ್ ಅದು?

ಅರ್ಜಿ ಹಾಕಿದೆ. ಅದಕ್ಕೆ ಆಕ್ಷೇಪಣೆ, ಆಮೇಲೆ ಡೇಟ್, ಮತ್ತೆ ಡೇಟ್. ಏಳು ತಿಂಗಳಾಯ್ತು, ಆ ಎರಡು ಗಂಟೆ ನನಗೆ ವಾಪಸ್ ಸಿಕ್ಕಿಲ್ಲ. ಅದೇ ಜೀವನಾಂಶ ಕಟ್ಟದಿದ್ರೆ ವಾರಂಟ್, ಒಂದೊಂದು ತಿಂಗಳ ಬಾಕಿಗೂ ಒಂದು ತಿಂಗಳವರೆಗೆ ಜೈಲು. ಇರಲಿ, ಮಗು ಊಟದ ದುಡ್ಡು ಅದು, ನಾನು ಒಂದು ತಿಂಗಳೂ ತಪ್ಪಿಸಿಲ್ಲ. ಆದ್ರೆ ಅಪ್ಪನ ದುಡ್ಡಿಗೆ ಇರೋ ಅವಸರ ಅಪ್ಪನ ಮುಖಕ್ಕೆ ಯಾಕಿಲ್ಲ?

ಈಗಿನ ಕಾಲದ ಗಂಡಸು ಮನೆಕೆಲಸ ಮಾಡ್ಬೇಕು, ಮಗು ನೋಡ್ಕೋಬೇಕು ಅಂತ ಎಲ್ಲಾ ವೇದಿಕೆ ಮೇಲೂ ಹೇಳ್ತೀರಿ. ನಾನು ಮಾಡಿದೀನಿ ಸಾರ್. ಎಣ್ಣೆ ಹಚ್ಚಿ ನೀರು ಹಾಕಿದೀನಿ, ಎರಡು ಜಡೆ ಹಾಕೋದು ಕಲ್ತಿದೀನಿ, ರಾತ್ರಿಯೆಲ್ಲಾ ಹೆಗಲ ಮೇಲೆ ಹಾಕ್ಕೊಂಡು ಓಡಾಡಿದೀನಿ. ಸಂಸಾರ ಮುರಿದ ದಿನ ಅದ್ಯಾವುದೂ ಲೆಕ್ಕಕ್ಕೆ ಬರ್ಲಿಲ್ಲ, "ಹೆಣ್ಣುಮಗು, ತಾಯಿ ಹತ್ರ ಇರ್ಲಿ ಬಿಡಪ್ಪಾ" ಅಂದ್ರು ಎಲ್ಲರೂ. ಜೊತೆಗಿರೋವಾಗ ಹೊಸ ಕಾಲದ ಗಂಡ, ಬೇರೆ ಆದ್ಮೇಲೆ ಹಳೇ ಕಾಲದ ಅಪ್ಪ, ದುಡಿದು ಕಳಿಸು ಸಾಕು ಅಂತ.

1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಅಪ್ಪನನ್ನ ಸಹಜ ಪಾಲಕ ಅನ್ನೋ ಸೆಕ್ಷನ್ನೇ, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ ಇರ್ಬೇಕು ಅನ್ನುತ್ತೆ. ಐದು ವರ್ಷ ದಾಟೋಷ್ಟರಲ್ಲಿ ಮಗು ಅಪ್ಪನ್ನ ಮರೆತಿರುತ್ತೆ. ಜಂಟಿ ಪಾಲನೆಗೆ, ಅಂದ್ರೆ ಬೇರೆ ಆದ್ಮೇಲೂ ಅಪ್ಪ ಅಮ್ಮ ಇಬ್ಬರೂ ಮಗು ನೋಡ್ಕೊಳ್ಳೋದಕ್ಕೆ, ಕಾನೂನಲ್ಲಿ ಜಾಗ ಕೊಡಿ ಅಂತ ಕಾನೂನು ಆಯೋಗವೇ 2015ರಲ್ಲಿ 257ನೇ ವರದಿ ಕೊಟ್ಟಿದೆ. ಅದನ್ನ ಓದಿದೋರು ಯಾರು?

ಇದು ದಿಲ್ಲಿ ಕೆಲಸ ಅಂತ ಮಾತ್ರ ಹೇಳ್ಬೇಡಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಲಿ ಸಮಪಾಲು ಕೊಡೋಕೆ ನಮ್ಮ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂತು, ದಿಲ್ಲಿ ತಂದಿದ್ದು 2005ರಲ್ಲಿ. ನಮ್ಮಕ್ಕನಿಗೂ ಪಾಲು ಬಂತು, ನಾನೇ ಮುಂದೆ ನಿಂತು ಸೈನ್ ಹಾಕಿದೆ, ಅದು ಅವಳ ಹಕ್ಕು. ಮಕ್ಕಳ ಪಾಲನೆ ವಿಷಯವೂ ಸಮವರ್ತಿ ಪಟ್ಟಿಯಲ್ಲೇ ಇದೆ, ಅಂದ್ರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಆಗ ಆಗಿದ್ದು ಈಗ ಯಾಕಾಗಲ್ಲ? ತಿದ್ದುಪಡಿ ತನ್ನಿ, ರಾಷ್ಟ್ರಪತಿ ಅಂಕಿತಕ್ಕೆ ಕಳಿಸಿ.

ಹೆಂಗಸರ ಕಾನೂನು ಯಾವುದನ್ನೂ ತೆಗೀರಿ ಅಂತ ನಾನು ಕೇಳ್ತಿಲ್ಲ. ಅಪ್ಪನಿಗೂ ಮಗುವಿನ ದಿನಗಳಲ್ಲಿ ಪಾಲು ಕೊಡಿ. ತಪ್ಪಿಸಿದ ಭೇಟಿ ಮುಂದಿನ ವಾರವೇ ಸಿಗೋ ಹಾಗೆ ಮಾಡಿ. ಮತ್ತೆ ಹೇಳ್ತೀನಿ, ಜಂಟಿ ಪಾಲನೆ ತಿದ್ದುಪಡಿ ಈ ಅಧಿವೇಶನದಲ್ಲೇ ತನ್ನಿ. ಸಮಿತಿ ಬೇಡ, ಪರಿಶೀಲಿಸ್ತೀವಿ ಅನ್ನೋ ಉತ್ತರ ಬೇಡ. ನೀವು ಪರಿಶೀಲಿಸೋಷ್ಟರಲ್ಲಿ ನನ್ನ ಮಗಳು ಇನ್ನೊಂದು ಸೈಜ್ ದೊಡ್ಡವಳಾಗಿರ್ತಾಳೆ.

ಬರೋ ಶನಿವಾರವೂ ಐದರ ಬಸ್ಸಿಗೆ ಹೊರಡ್ತೀನಿ. ತಿದ್ದುಪಡಿ ತನ್ನಿ ಸಾರ್.

ಇಂತಿ,
ಒಬ್ಬ ಅಪ್ಪ, ದಾವಣಗೆರೆ